ಹಿಟ್ಟು ಕೊಳ್ಳಬೇಡಿ, ಕಾಳು ಕೊಳ್ಳಿ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ಮಗಳಿಗೆ ಒಂಬತ್ತು ವರ್ಷ, ತೂಕ 18 ಕಿಲೋ. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಆಗಾಗ ಭೇದಿ. ಹಿಮೋಗ್ಲೋಬಿನ್ 7 ದಾಟುತ್ತಲೇ ಇರಲಿಲ್ಲ. ಟಾನಿಕ್, ಜಂತುಹುಳದ ಮಾತ್ರೆ ಎಲ್ಲ ಆಯಿತು. ಹೋದ ತಿಂಗಳು ರಕ್ತ ಪರೀಕ್ಷೆ, ಎಂಡೋಸ್ಕೋಪಿ ಮಾಡಿ ‘ಸೀಲಿಯಾಕ್’ ಅಂದರು. ಇನ್ನು ಜೀವನಪೂರ್ತಿ ಗೋಧಿ ಮುಟ್ಟಬಾರದಂತೆ. ಅವರು ಕೊಟ್ಟ ಪಟ್ಟಿಯಲ್ಲಿರುವ ಗ್ಲುಟೆನ್ ಫ್ರೀ ಹಿಟ್ಟು, ಬ್ರೆಡ್, ಬಿಸ್ಕತ್ತು, ನೂಡಲ್ಸ್ ಲೆಕ್ಕ ಹಾಕಿದರೆ ತಿಂಗಳಿಗೆ ನಾಲ್ಕು ಸಾವಿರ ದಾಟುತ್ತದೆ. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ, ನಾನು ಬ್ಲೌಸ್ ಹೊಲಿಯುತ್ತೇನೆ. ಬಿಪಿಎಲ್ ಕಾರ್ಡ್ ಇದೆ. ಮನೆಯಲ್ಲಿ ಅತ್ತೆ ಮತ್ತು ಐದು ವರ್ಷದ ಮಗನೂ ಇದ್ದಾರೆ. ಅವಳಿಗೆಂದು ಬೇರೆ ಒಲೆ ಹೂಡಬೇಕೇ? ಶಾಲೆಯ ಬಿಸಿಯೂಟ ಬಿಡಿಸಬೇಕೇ? ವಾರಕ್ಕೊಂದು ಚಪಾತಿ ಕೊಟ್ಟರೆ ಏನಾಗುತ್ತದೆ? ‘ನಮ್ಮ ಕಾಲದಲ್ಲಿ ಇಂಥ ರೋಗ ಇರಲಿಲ್ಲ’ ಅನ್ನುತ್ತಾರೆ ನಮ್ಮತ್ತೆ.

ಉತ್ತರ: ಆ ಪಟ್ಟಿಯನ್ನು ಮಡಚಿ ಫೈಲಿನಲ್ಲಿಡಿ. ಅದರಲ್ಲಿರುವ ಒಂದೇ ಒಂದು ಪೊಟ್ಟಣ ಕೊಳ್ಳದೆ ನಿಮ್ಮ ಮಗಳು ಚೆನ್ನಾಗಿ ಬೆಳೆಯಬಹುದು. ಪಟ್ಟಿ ಬರೆದವರನ್ನು ನಾನು ಬೈಯುತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅಂಥವೇ ಪಟ್ಟಿ ಬರೆದುಕೊಡುತ್ತಿದ್ದೆ. ನಾವು ಓದಿದ ಪುಸ್ತಕಗಳೆಲ್ಲ ಬ್ರೆಡ್ಡೇ ಊಟವಾದ ದೇಶಗಳವು. ಅಲ್ಲಿ ಬ್ರೆಡ್ ಬಿಡಿಸಿದರೆ ಬದಲಿಗೆ ಇನ್ನೊಂದು ಬ್ರೆಡ್ ಹುಡುಕಬೇಕು, ಅದು ದುಬಾರಿ. ಜೋಳದ ರೊಟ್ಟಿ, ರಾಗಿ ಮುದ್ದೆ, ಅನ್ನ, ಅವಲಕ್ಕಿ, ಮಂಡಕ್ಕಿ ಉಂಡು ಬೆಳೆದ ಸೀಮೆಯವರಿಗೆ ಆ ಕಷ್ಟ ಇಲ್ಲ. ನಿಮಗಿರುವ ಕಷ್ಟ ಬೇರೆ. ಕಣ್ಣಿಗೆ ಕಾಣುವ ಗೋಧಿ ಬಿಡುವುದು ಸುಲಭ, ಕಾಣದ ಗೋಧಿಯನ್ನು ಹಿಡಿಯುವುದೇ ಕೆಲಸ. ಆ ಕೆಲಸಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಕಣ್ಣು ಮತ್ತು ಕೈ.

ಕಾಯಿಲೆಯ ಬಗ್ಗೆ ಎರಡು ಮಾತು. ಗೋಧಿ, ಜವೆಗೋಧಿ (ಬಾರ್ಲಿ) ಮತ್ತು ರೈ ಎಂಬ ಧಾನ್ಯದಲ್ಲಿರುವ ಒಂದು ಬಗೆಯ ಪ್ರೋಟೀನಿಗೆ ಗ್ಲುಟೆನ್ ಎನ್ನುತ್ತಾರೆ. ಮೈದಾ ಹಿಟ್ಟನ್ನು ಕಲಸಿದಾಗ ರಬ್ಬರಿನಂತೆ ಎಳೆಯುತ್ತದಲ್ಲ, ಆ ಗುಣ ಬರುವುದು ಅದರಿಂದ. ನಿಮ್ಮ ಮಗಳ ದೇಹ ಅದನ್ನು ವೈರಿ ಎಂದು ತಿಳಿದು, ಅದರೊಡನೆ ತನ್ನದೇ ಸಣ್ಣ ಕರುಳಿನ ಮೇಲೂ ದಾಳಿ ಮಾಡುತ್ತದೆ. ಕರುಳಿನ ಒಳಮೈಯಲ್ಲಿ ಟವೆಲಿನ ಎಳೆಗಳಂಥ ರಚನೆ ಇರುತ್ತದೆ, ಆಹಾರದ ಸಾರವನ್ನು ಹೀರುವುದು ಅದೇ. ಆ ಎಳೆಗಳು ಸವೆದು ಚಪ್ಪಟೆಯಾಗಿವೆ. ನೀವು ಕೊಟ್ಟ ಕಬ್ಬಿಣದ ಟಾನಿಕ್ ಒಳಗೆ ಹೋಯಿತು, ಹೀರುವವರಿಲ್ಲದೆ ಹಾಗೇ ಹೊರಗೆ ಹೋಯಿತು. ಗ್ಲುಟೆನ್ ಪೂರ್ತಿ ನಿಂತರೆ ಆ ಎಳೆಗಳು ಮತ್ತೆ ಬೆಳೆಯುತ್ತವೆ, ಮಕ್ಕಳಲ್ಲಂತೂ ಚೆನ್ನಾಗಿಯೇ. ಇದಕ್ಕೆ ಬೇರೆ ಔಷಧಿ ಇಲ್ಲ. ಆರು ತಿಂಗಳ ಚೂರ್ಣ ತಿಂದರೆ ಮತ್ತೆ ಗೋಧಿ ತಿನ್ನಬಹುದು ಎಂದು ಯಾರಾದರೂ ಹೇಳಿದರೆ ಆ ದುಡ್ಡಿನಲ್ಲಿ ಮೊಟ್ಟೆ ತನ್ನಿ.

ಈಗ ವಾರಕ್ಕೊಂದು ಚಪಾತಿಯ ಲೆಕ್ಕ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಒಳಹೋದರೂ ಕರುಳಿಗೆ ಹಾನಿಯಾಗುತ್ತದೆ ಎಂದು ಇಟಲಿಯ ವೈದ್ಯರು ಸೀಲಿಯಾಕ್ ರೋಗಿಗಳ ಮೇಲೆಯೇ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ್ದಾರೆ. 50 ಮಿಲಿಗ್ರಾಂ ಅಂದರೆ ಸುಮಾರು ಅರ್ಧ ಗ್ರಾಂ ಗೋಧಿ ಹಿಟ್ಟು, ಎರಡು ಬೆರಳಲ್ಲಿ ಹಿಡಿದ ಚಿಟಿಕೆ. ಒಂದು ಚಪಾತಿಯಲ್ಲಿ ಎರಡೂವರೆ ಗ್ರಾಮಿನಷ್ಟು ಗ್ಲುಟೆನ್ ಇರುತ್ತದೆ. ಅದನ್ನು ಏಳು ದಿನಕ್ಕೆ ಹಂಚಿದರೂ ದಿನಕ್ಕೆ 350 ಮಿಲಿಗ್ರಾಂ ಆಯಿತು. ವಾರಕ್ಕೊಂದಲ್ಲ, ತಿಂಗಳಿಗೊಂದೂ ಬೇಡ. ತಿಂದ ದಿನ ಹೊಟ್ಟೆ ನೋಯಲಿಲ್ಲ ಎಂಬುದನ್ನು ನಂಬಬೇಡಿ. ಎಷ್ಟೋ ಮಕ್ಕಳಿಗೆ ಹೊರಗೆ ಏನೂ ಗೊತ್ತಾಗದೆ ಒಳಗೆ ಸವೆಯುತ್ತಿರುತ್ತದೆ. ಕೊನೆಗೆ ಅದು ಎತ್ತರದಲ್ಲಿ, ಮೂಳೆಯಲ್ಲಿ, ರಕ್ತದಲ್ಲಿ ಕಾಣುತ್ತದೆ.

ಚಿಟಿಕೆಯ ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಜೋಳದ ಹಿಟ್ಟು, ರಾಗಿ ಹಿಟ್ಟು, ಕಡಲೆ ಹಿಟ್ಟು ಗೋಧಿ ಬೀಸಿದ ಯಂತ್ರದಲ್ಲೇ ಬೀಸಿದ್ದಿರಬಹುದು. ಒಳಗೆ ಎಷ್ಟು ಗೋಧಿ ಬೆರೆತಿದೆ ಎಂದು ನೋಡಿ ಹೇಳಲಾಗದು. ಗ್ಲುಟೆನ್ ಫ್ರೀ ಎಂದು ಮುದ್ರಿಸಿದ ಹಿಟ್ಟಿನಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅದಕ್ಕಾಗಿ ಬೇರೆ ಯಂತ್ರ, ಬೇರೆ ಗೋದಾಮು, ಪರೀಕ್ಷೆ ಎಲ್ಲ ಬೇಕು. ನೀವು ಕೊಡುವ ಹೆಚ್ಚಿನ ಬೆಲೆ ಅದಕ್ಕೆ. ಧಾನ್ಯವೇನೋ ಅದೇ ಅಕ್ಕಿ, ಅದೇ ಜೋಳ. ಆ ಜವಾಬ್ದಾರಿಯನ್ನು ನೀವೇ ವಹಿಸಿಕೊಂಡರೆ ಆ ದುಡ್ಡು ಉಳಿಯಿತು. ಹಾಗಾಗಿ ಹಿಟ್ಟು ಕೊಳ್ಳಬೇಡಿ, ಕಾಳು ಕೊಳ್ಳಿ. ಕಾಳನ್ನು ಆರಿಸಬಹುದು, ತೊಳೆಯಬಹುದು. ಹಿಟ್ಟನ್ನು ತೊಳೆಯಲಾಗದು.

ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಕಾಲು ಕಿಲೋ ಧಾನ್ಯ ಎಂದು ಹಿಡಿಯೋಣ, ತಿಂಗಳಿಗೆ ಏಳೂವರೆ ಕಿಲೋ. ಅನ್ನ, ದೋಸೆ, ಇಡ್ಲಿಗೆ ಬೇಕಾದ ಅಕ್ಕಿ ನಿಮ್ಮ ಅನ್ನಭಾಗ್ಯದ ಪಾಲಿನಲ್ಲೇ ಬಂತು. ಉಳಿದ ನಾಲ್ಕು ಕಿಲೋ ಜೋಳ, ರಾಗಿ ಕೊಳ್ಳಬೇಕು. 2025–26ಕ್ಕೆ ಕೇಂದ್ರ ಸರ್ಕಾರ ಕಟ್ಟಿದ ಬೆಂಬಲ ಬೆಲೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699. ಸಾಗಣೆ, ಅಂಗಡಿಯವರ ಲಾಭ, ಒಳ್ಳೆಯ ಬಿಳಿಜೋಳದ ಹೆಚ್ಚುವರಿ ಬೆಲೆ ಎಲ್ಲ ಸೇರಿದರೂ ನಾಲ್ಕು ಕಿಲೋಗೆ ಮುನ್ನೂರು ರೂಪಾಯಿಯ ಆಸುಪಾಸು. ಅದೂ ಹೊಸ ಖರ್ಚೇನಲ್ಲ, ಇಷ್ಟು ದಿನ ಅವಳ ಪಾಲಿಗೆ ತರುತ್ತಿದ್ದ ಗೋಧಿ ಉಳಿಯುತ್ತದೆ.

ರೇಷನ್ ಅಕ್ಕಿಯ ಬಗ್ಗೆ ಒಂದು ಮಾತು. ಅದರಲ್ಲಿ ಕೆಲವೊಮ್ಮೆ ಬಣ್ಣ, ಹೊಳಪು ತುಸು ಬೇರೆಯಾದ ಕಾಳುಗಳಿರುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆಂಗಸರು ಅವನ್ನು ಆರಿಸಿ ಎಸೆಯುವುದನ್ನು ನೋಡಿದ್ದೇನೆ. ಅವು ಸಾರವರ್ಧಿತ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರ ಕೊಟ್ಟಿರುತ್ತಾರೆ, ಗೋಧಿ ಇರುವುದಿಲ್ಲ. ನಿಮ್ಮ ಮಗಳ ರಕ್ತಕ್ಕೆ ಬೇಕಾದದ್ದೇ ಆ ಮೂರು. ಎಸೆಯಬೇಡಿ.

ಕಾಳು ಶುದ್ಧ ಮಾಡುವ ರೀತಿ ನಿಮ್ಮ ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ರಾಗಿ ಸಾಸಿವೆಯಷ್ಟು ಸಣ್ಣದು, ಗೋಧಿ ಕಾಳು ಅದರ ನಾಲ್ಕೈದು ಪಟ್ಟು ಉದ್ದ. ಸರಿಯಾದ ಜರಡಿ ಹಿಡಿದರೆ ರಾಗಿ ಕೆಳಗೆ ಬೀಳುತ್ತದೆ, ಗೋಧಿ ಮೇಲೆ ನಿಲ್ಲುತ್ತದೆ. ಜೋಳ ದುಂಡಗೆ, ಗೋಧಿ ನೀಳವಾಗಿ ಹೊಟ್ಟೆಯಲ್ಲಿ ಗೆರೆ ಇರುವಂಥದ್ದು. ಮೊರದಲ್ಲಿ ಹರಡಿ ಆರಿಸಿದರೆ ಸಿಗುತ್ತದೆ. ಕಿಲೋ ಜೋಳದಲ್ಲಿ ಎರಡು ಮೂರು ಗೋಧಿ ಕಾಳು ಸಿಕ್ಕರೆ ಆಶ್ಚರ್ಯ ಬೇಡ, ಅದೇ ಗೋಣಿಚೀಲ, ಅದೇ ಕಣ, ಅದೇ ಅಳತೆ ಡಬ್ಬ. ಆರಿಸಿದ ಮೇಲೆ ಎರಡು ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯ ಮೇಲೆ ಚೆನ್ನಾಗಿ ಒಣಗಿಸಿ. ತೊಳೆದದ್ದರಿಂದ ಮೇಲಂಟಿದ ಹಿಟ್ಟಿನ ಧೂಳು ಹೋಗುತ್ತದೆ.

ಇನ್ನು ಗಿರಣಿ. ನಿಮ್ಮ ಊರಿನ ಗಿರಣಿಗೆ ಹೋಗಿ ನಿಂತು ನೋಡಿ. ಮುಂದಿನವರು ಗೋಧಿ ಬೀಸಿಸಿಕೊಂಡು ಹೋದ ಕೂಡಲೇ ನಿಮ್ಮ ಜೋಳ ಸುರಿದರೆ, ಕಲ್ಲಿನ ಸಂದಿಯಲ್ಲಿ, ಬಟ್ಟೆಯ ತೋಳಿನಲ್ಲಿ ಉಳಿದ ಗೋಧಿ ಹಿಟ್ಟು ನಿಮ್ಮ ಡಬ್ಬಿಗೇ ಬರುತ್ತದೆ. ಬೆಳಗ್ಗೆ ಮೊದಲಿಗರಾಗಿ ಹೋದರೆ ಸಾಕು ಎನ್ನುತ್ತಾರೆ, ಸಾಲದು. ನಿನ್ನೆ ರಾತ್ರಿಯ ಕೊನೆಯ ಗಿರಾಕಿ ಏನು ಬೀಸಿಸಿದರೋ ಯಾರಿಗೆ ಗೊತ್ತು? ಕೆಲವು ಗಿರಣಿಗಳಲ್ಲಿ ಅಕ್ಕಿ, ರಾಗಿಗೆ ಒಂದು ಯಂತ್ರ, ಗೋಧಿಗೆ ಇನ್ನೊಂದು ಇರುತ್ತದೆ, ಅಂಥದ್ದನ್ನು ಹುಡುಕಿ. ಸಿಗದಿದ್ದರೆ ನಿಮ್ಮ ಮನೆಯ ಮಿಕ್ಸಿ ಸಾಕು. ಒಂದು ಮಗುವಿನ ರೊಟ್ಟಿಗೆ ವಾರಕ್ಕೆ ಬೇಕಾಗುವುದು ಅರ್ಧ ಮುಕ್ಕಾಲು ಕಿಲೋ ಹಿಟ್ಟು. ಕಾಲು ಕಾಲು ಕಿಲೋ ಹಾಕಿ, ನಡುವೆ ಜಾರು ತಣ್ಣಗಾಗಲು ಬಿಟ್ಟು ಬೀಸಿ, ಹೊಸ ಜರಡಿಯಲ್ಲಿ ಹಿಡಿಯಿರಿ. ತರಿ ಉಳಿದರೆ ಅದೇ ಜೋಳದ ತರಿಯ ಉಪ್ಪಿಟ್ಟಾಯಿತು. ರುಬ್ಬಿ ಮಾಡುವ ಅಡುಗೆ ಹೆಚ್ಚಿಸಿದರೆ ಗಿರಣಿಯ ತಂಟೆಯೇ ಕಡಿಮೆ: ದೋಸೆ, ಇಡ್ಲಿ, ನೀರುದೋಸೆ, ಪಡ್ಡು, ರಾಗಿ ನೆನೆಸಿ ರುಬ್ಬಿದ ದೋಸೆ.

ನಾನು ಎಡವಿದ್ದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಹನ್ನೊಂದರ ಹುಡುಗನೊಬ್ಬ ನನ್ನ ಬಳಿ ಬರುತ್ತಿದ್ದ. ಗೋಧಿ ಬಿಟ್ಟು ವರ್ಷ ಕಳೆದರೂ ರಕ್ತದಲ್ಲಿ ಟಿಟಿಜಿ ಇಳಿಯಲಿಲ್ಲ. ಗ್ಲುಟೆನ್ ಒಳಗೆ ಹೋಗುತ್ತಿದೆಯೇ ಎಂದು ಚಾಡಿ ಹೇಳುವ ಪ್ರತಿಕಾಯ ಅದು. ‘ಕದ್ದು ಬಿಸ್ಕತ್ತು ತಿಂತೀಯಾ?’ ಎಂದು ಹುಡುಗನನ್ನು ಎರಡು ಸಲ ಗದರಿದ್ದೆ. ಅವನು ಇಲ್ಲ ಎನ್ನುತ್ತಲೇ ಇದ್ದ. ಒಮ್ಮೆ ಅವರ ಊರಿನ ಕಡೆ ಮದುವೆಗೆ ಹೋದವಳು ಅವರ ಮನೆಗೂ ಹೋದೆ. ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ಎಸರು ಸುರಿದು ಹಿಟ್ಟು ನಾದಿದರು, ಉಂಡೆಯ ಅಂಚು ಬಿರುಕು ಬಿಟ್ಟಿತು. ‘ಹಿಟ್ಟು ಹಳೇದಾತು, ಜಿಗಿ ಹೋಗೇತಿ’ ಎಂದು ಗೊಣಗಿ, ಪಕ್ಕದ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಹಿಟ್ಟು ತೆಗೆದು ಉದುರಿಸಿದರು. ಬಣ್ಣ ತುಸು ಕಂದು. ‘ಅದೇನಜ್ಜಿ?’ ಎಂದೆ. ‘ಗೋಧಿ ಹಿಟ್ಟವ್ವಾ, ಇಷ್ಟs ಇಷ್ಟು. ಇಲ್ಲಾಂದ್ರ ರೊಟ್ಟಿ ಹರೀತಾವು.’ ಮೊಮ್ಮಗನಿಗೆ ವರ್ಷದಿಂದ ಒಂದು ಚಪಾತಿ ಕೊಟ್ಟವರಲ್ಲ ಅವರು. ಚಪಾತಿ ಬೇರೆ, ಜಿಗಿಗೆ ಹಾಕುವ ಹಿಡಿ ಹಿಟ್ಟು ಬೇರೆ, ಅವರ ಲೆಕ್ಕದಲ್ಲಿ. ನಾನು ಕೇಳಿದ್ದೂ ಚಪಾತಿಯನ್ನೇ, ರೊಟ್ಟಿ ಹೇಗೆ ಮಾಡುತ್ತೀರಿ ಎಂದು ಕೇಳಿರಲಿಲ್ಲ. ಹುಡುಗನ ಹತ್ತಿರ ತಪ್ಪಾಯಿತು ಎಂದೆ. ಆರು ತಿಂಗಳಲ್ಲಿ ಟಿಟಿಜಿ ಅರ್ಧಕ್ಕಿಂತ ಕೆಳಗೆ ಬಂತು.

ಜೋಳದಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ತಣ್ಣೀರಿನಲ್ಲಿ ಕಲಸಿದರೆ ಕೂಡಿಕೊಳ್ಳುವುದಿಲ್ಲ. ಕುದಿಯುವ ಎಸರು ಬಿದ್ದಾಗ ಅದರ ಪಿಷ್ಟ ಉಬ್ಬಿ ಅಂಟಾಗುತ್ತದೆ, ಅದೇ ಜಿಗಿ. ಹಿಟ್ಟು ಹಳೆಯದಾದಂತೆ ಆ ಗುಣ ಕುಗ್ಗುತ್ತದೆ. ಆದ್ದರಿಂದ ವಾರ ಹತ್ತು ದಿನಕ್ಕಾಗುವಷ್ಟೇ ಬೀಸಿ, ಎಸರು ಮಳ್ಳುತ್ತಿರುವಾಗಲೇ ಸುರಿಯಿರಿ. ಅಷ್ಟಾದರೂ ಹರಿದರೆ ಮನೆಯಲ್ಲೇ ಪುಡಿ ಮಾಡಿದ ಉದ್ದಿನ ಹಿಟ್ಟು ಒಂದು ಚಮಚ, ಇಲ್ಲವೇ ಮೆತ್ತಗೆ ಕಿವುಚಿದ ಬಿಸಿ ಅನ್ನ ಒಂದು ಹಿಡಿ ಸೇರಿಸಿ. ಹೊರಗೆ ಮಾರುವ ಖಡಕ್ ರೊಟ್ಟಿ ತರಬೇಡಿ, ಅಲ್ಲೂ ಈ ಹಿಡಿ ಹಿಟ್ಟಿನ ಅಭ್ಯಾಸ ಇರಬಹುದು.

ಎರಡನೆಯ ಕಳ್ಳ ಇಂಗು. ಡಬ್ಬಿಯಲ್ಲಿ ಬರುವ ಇಂಗು ಬರೀ ಇಂಗಲ್ಲ. ಇಂಗಿನ ಅಂಟು ತುಂಬ ತೀಕ್ಷ್ಣ, ಹಾಗಾಗಿ ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಗಟ್ಟಿ ಇಂಗಿನಲ್ಲೂ ಹೀಗೇ. ಡಬ್ಬಿಯ ಹಿಂದೆ ಬರೆದಿರುತ್ತದೆ, ನೋಡಿ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಸಿಗದಿದ್ದರೆ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿ, ಇಂಗಿಲ್ಲದೆ ಸಾರು ಕೆಡುವುದಿಲ್ಲ. ಒಮ್ಮೆ ಇಂಗು ಹಿಡಿದ ಮೇಲೆ ಅದು ಎಲ್ಲೆಲ್ಲಿ ಹೋಗಿದೆ ಎಂದು ನೆನಪು ಮಾಡಿಕೊಳ್ಳಿ: ಅಂಗಡಿಯ ಸಾಂಬಾರ್ ಪುಡಿ, ಉಪ್ಪಿನಕಾಯಿ, ಹಪ್ಪಳ, ಖಾರ ಮಂಡಕ್ಕಿಯ ಒಗ್ಗರಣೆ, ಮದುವೆ ಮನೆಯ ಬಿಸಿಬೇಳೆಬಾತ್.

ಹೆಸರು ನೋಡಿ ಮೋಸ ಹೋಗುವ ಪದಾರ್ಥಗಳು ನಮ್ಮಲ್ಲಿ ಕಡಿಮೆಯಿಲ್ಲ. ರವೆ, ಚಿರೋಟಿ ರವೆ, ಬನ್ಸಿ ರವೆ, ಶಾವಿಗೆ ಎಲ್ಲ ಗೋಧಿಯವೇ. ಇಡ್ಲಿ ರವೆ ಅಕ್ಕಿಯದು. ಅಕ್ಕಿ ಶಾವಿಗೆ ಬೇರೆ. ಸದಕ ಗೋಧಿ, ಖಪ್ಲಿ ಗೋಧಿ ‘ಹಳೇ ತಳಿ, ಏನೂ ಆಗಲ್ಲ’ ಎಂದು ಮಾರುವವರಿದ್ದಾರೆ. ಅವೂ ಗೋಧಿಯೇ, ಗ್ಲುಟೆನ್ ಇದ್ದೇ ಇದೆ. ಮಾಲ್ಟ್ ಎಂಬ ಪದ ಇನ್ನೂ ಜಾರಿಕೆಯದು. ರಾಗಿಯನ್ನು ಮೊಳಕೆ ಕಟ್ಟಿ ಮನೆಯಲ್ಲಿ ಮಾಡಿದ ಮಾಲ್ಟ್ ಅಮೃತ. ಹಾಲಿಗೆ ಹಾಕುವ ಹಾರ್ಲಿಕ್ಸ್‌ನಲ್ಲಿರುವ ಮಾಲ್ಟ್ ಜವೆಗೋಧಿ, ಗೋಧಿಯದು. ಗೋಬಿ ಮಂಚೂರಿಯಲ್ಲಿ ಮೈದಾ ಇದೆ ಎಂದು ಎಲ್ಲರಿಗೂ ಗೊತ್ತು, ಅದರ ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ ಎಂಬುದು ಗೊತ್ತಿರುವುದಿಲ್ಲ. ಕೋಡುಬಳೆ, ನಿಪ್ಪಟ್ಟು ಅಕ್ಕಿ ಹಿಟ್ಟಿನವೆಂದು ತಂದರೆ ಗರಿಗರಿಗೆಂದು ಮೈದಾನೋ ರವೆನೋ ಸೇರಿರುತ್ತದೆ. ಹೋಟೆಲಿನ ಬೆಣ್ಣೆದೋಸೆಗೂ ಕೆಲವರು ಮೈದಾ ಬೆರೆಸುತ್ತಾರೆ. ನಮ್ಮೂರಿನ ಹೆಮ್ಮೆಯೇ ಆದರೂ ಕೇಳದೆ ತಿನ್ನಿಸಬೇಡಿ.

ಪೊಟ್ಟಣದ ಮೇಲಿನ ಅಕ್ಷರ ಓದುವ ಕೆಲಸವನ್ನು ಮಗಳಿಗೇ ವಹಿಸಿ. ಒಂಬತ್ತು ವರ್ಷಕ್ಕೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾಳೆ. ವೀಟ್, ಬಾರ್ಲಿ, ರೈ, ಮಾಲ್ಟ್, ಸೆಮೊಲಿನಾ, ಗ್ಲುಟೆನ್, ಮೈದಾ ಈ ಏಳು ಪದಗಳನ್ನು ಒಂದು ಚೀಟಿಯಲ್ಲಿ ಬರೆಸಿ ಕಂಪಾಸ್ ಪೆಟ್ಟಿಗೆಯಲ್ಲಿಡಿಸಿ. ಪದಾರ್ಥಗಳ ಸಾಲಿನ ಹತ್ತಿರ ‘ಕಂಟೈನ್ಸ್’ ಎಂಬ ಸಾಲಿದ್ದರೆ ಮೊದಲು ಅದನ್ನೇ ನೋಡಲಿ, ಗೋಧಿ ಇದ್ದರೆ ಅಲ್ಲಿ ಹೇಳಲೇಬೇಕೆಂದು ಕಾನೂನಿದೆ. ಇಂಥ ಮಕ್ಕಳು ವರ್ಷದೊಳಗೆ ನಮಗಿಂತ ಚುರುಕಾಗುತ್ತಾರೆ.

ಬೇರೆ ಒಲೆ ಬೇಡ. ಬೇರೆ ಅಡುಗೆಯೂ ಬೇಡ, ಅದರಿಂದ ಗ್ಯಾಸೂ ಖರ್ಚು, ನಿಮ್ಮ ಬೆನ್ನೂ ಖರ್ಚು. ಮನೆಗೆಲ್ಲ ಒಂದೇ ಸಾರು, ಒಂದೇ ಪಲ್ಯ, ಅದು ಅವಳಿಗೆ ಆಗುವಂಥದ್ದೇ ಇರಲಿ. ಯಜಮಾನರಿಗೆ ಚಪಾತಿ ಬೇಕೇಬೇಕು ಎಂದಾದರೆ ಅವಳ ರೊಟ್ಟಿ ಬೆಂದು ಮುಚ್ಚಿಟ್ಟ ಮೇಲೆ ಚಪಾತಿ ಹಿಟ್ಟು ಹೊರಗೆ ಬರಲಿ. ಗೋಧಿ ಹಿಟ್ಟಿನ ಧೂಳು ಗಾಳಿಯಲ್ಲಿ ಹಾರಿ ಪಕ್ಕದ ಪಾತ್ರೆಯಲ್ಲಿ ಕೂರುತ್ತದೆ. ಹೊಸದಾಗಿ ಕೊಳ್ಳಬೇಕಾದ್ದು ಮೂರೇ ಸಾಮಾನು: ಒಂದು ಜರಡಿ, ಒಂದು ಲಟ್ಟಣಿಗೆ, ಒಂದು ಸಣ್ಣ ಹಂಚು. ಜರಡಿಯ ಕಣ್ಣಿನಲ್ಲಿ, ಮರದ ಬಿರುಕಿನಲ್ಲಿ ಸೇರಿದ ಹಿಟ್ಟು ಎಷ್ಟು ತಿಕ್ಕಿದರೂ ಬರುವುದಿಲ್ಲ. ಸ್ಟೀಲ್ ಪಾತ್ರೆ, ಲೋಟ, ತಟ್ಟೆ ಸೋಪಿನಲ್ಲಿ ತೊಳೆದರೆ ಸಾಕು. ಅವಳ ಡಬ್ಬಿಗಳಿಗೆ ಒಂದು ಬಣ್ಣದ ರಿಬ್ಬನ್ ಕಟ್ಟಿ, ನಿಮ್ಮ ಹೊಲಿಗೆ ಮಷಿನ್ ಹತ್ತಿರ ತುಂಡುಗಳಿಗೇನು ಬರ! ಪೂರಿ ಕರಿದ ಎಣ್ಣೆಯಲ್ಲಿ ಅವಳ ಹಪ್ಪಳ ಕರಿಯಬೇಡಿ. ಚಪಾತಿ ಮುರಿದ ಕೈಯಲ್ಲೇ ಉಪ್ಪಿನಕಾಯಿ ಭರಣಿಗೆ ಚಮಚ ಹಾಕುವ ಅಭ್ಯಾಸ ಎಲ್ಲರ ಮನೆಯಲ್ಲೂ ಇರುತ್ತದೆ. ಅವಳಿಗೆ ಒಂದು ಪುಟ್ಟ ಬಾಟಲಿಯಲ್ಲಿ ಮೊದಲೇ ತೆಗೆದಿಡಿ, ತುಪ್ಪವನ್ನೂ ಹಾಗೆಯೇ.

ಸಿರಿಧಾನ್ಯ ತಿನ್ನಿಸದಿದ್ದರೆ ಮಗುವಿಗೆ ಅನ್ಯಾಯ ಮಾಡಿದಂತೆ ಎಂಬ ಭಾವನೆಯನ್ನು ಈಗ ಎಲ್ಲರೂ ಹುಟ್ಟಿಸುತ್ತಾರೆ. ನವಣೆ, ಸಾಮೆ, ಹಾರಕ ಒಳ್ಳೆಯವೇ, ಗ್ಲುಟೆನ್ ಇಲ್ಲ. ನಿಮ್ಮ ಹೊಲದಲ್ಲೋ ಬಂಧುಗಳಲ್ಲೋ ಬೆಳೆದರೆ ಬಳಸಿ. ಚಂದದ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಳ್ಳುವ ಅಗತ್ಯ ಖಂಡಿತ ಇಲ್ಲ. ಸುಣ್ಣದಂಶದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಮೂಳೆ ಸೊರಗಿದ ಮಗುವಿಗೆ ಇನ್ನೇನು ಬೇಕು?

ಹಾಗೆಂದು ಬರೀ ಅನ್ನ ತಿನ್ನಿಸಿ ಸುಮ್ಮನಾಗಬೇಡಿ. ಗೋಧಿ ಬಿಟ್ಟ ಅನೇಕ ಮನೆಗಳಲ್ಲಿ ಆಗುವುದೇ ಅದು, ಆಮೇಲೆ ಮಲಬದ್ಧತೆ ಎಂದು ಬರುತ್ತಾರೆ. ಉಳಿಸಿದ ದುಡ್ಡನ್ನು ಮೊಟ್ಟೆ, ಬೇಳೆ, ಶೇಂಗಾ, ಸೊಪ್ಪಿಗೆ ಹಾಕಿ. ಮೊದಲ ಕೆಲವು ವಾರ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಬಹುದು, ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವವೂ ಸವೆದ ಎಳೆಗಳ ಜೊತೆಗೇ ಹೋಗಿರುತ್ತದೆ. ಆಗ ಮೊಸರು, ಮಜ್ಜಿಗೆ ಕೊಡಿ. ಕರುಳು ವಾಸಿಯಾದಂತೆ ಹಾಲೂ ಒಗ್ಗುತ್ತದೆ. ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಡಿ ಮಾತ್ರೆಗಳನ್ನು ವೈದ್ಯರು ನಿಲ್ಲಿಸಿ ಎನ್ನುವವರೆಗೆ ನಿಲ್ಲಿಸಬೇಡಿ, ಈಗ ಅವು ಮೈಗೆ ಹತ್ತತೊಡಗುತ್ತವೆ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ಬೇಡ, ನಿಂಬೆ ಶರಬತ್ತಿನ ಜೊತೆ ಕೊಡಿ. ತಿಂಗಳೆರಡು ತಿಂಗಳಲ್ಲಿ ಅವಳಿಗೆ ಹಸಿವು ಎಂಥದು ಬರುತ್ತದೆಂದರೆ ನೀವೇ ಬೆರಗಾಗುತ್ತೀರಿ. ಮೊದಲು ತೂಕ ಏರುತ್ತದೆ, ಎತ್ತರ ಆಮೇಲೆ. ಆರು ತಿಂಗಳಿಗೆ ಟಿಟಿಜಿ ಮಾಡಿಸಿ, ಇಳಿಯುತ್ತಿದ್ದರೆ ನಿಮ್ಮ ಅಡುಗೆಮನೆ ಪಾಸಾದಂತೆ.

ಬಾಯಾಡಲು ಬಿಸ್ಕತ್ತಿನ ಬದಲು ಶೇಂಗಾ ಉಂಡೆ, ಹುರಿಗಡಲೆ ಬೆಲ್ಲ, ಬೇಯಿಸಿದ ಮೆಕ್ಕೆಜೋಳದ ತೆನೆ, ಬಾಳೆಹಣ್ಣು. ದಾವಣಗೆರೆಯಲ್ಲಿದ್ದು ಮಂಡಕ್ಕಿಯ ಬಗ್ಗೆ ನಾನು ಹೇಳಬೇಕಿಲ್ಲ. ಭಟ್ಟಿಯಿಂದ ಬರೀ ಮಂಡಕ್ಕಿ ತಂದು ಮನೆಯಲ್ಲಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿಗೂ ಕಡಲೆಬೇಳೆ ಮನೆಯಲ್ಲೇ ಬೀಸಿಕೊಳ್ಳಿ. ಗ್ಲುಟೆನ್ ಫ್ರೀ ಬಿಸ್ಕತ್ತು ಒಂದು ಪೊಟ್ಟಣ ಬೇಕಾದರೆ ಮನೆಯಲ್ಲಿರಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಹೋಗುವಾಗ ಕೈಯಲ್ಲಿ ಕೊಡಲು.

ಬಿಸಿಯೂಟ ಬಿಡಿಸಬೇಡಿ. ಅನ್ನ ಸಾರಿನ ದಿನ ಅವಳು ಎಲ್ಲರ ಜೊತೆ ಕೂತು ಉಣ್ಣಲಿ, ಹಾಲು, ಮೊಟ್ಟೆ, ಬಾಳೆಹಣ್ಣು ಎಲ್ಲ ಅವಳದೇ. ವೈದ್ಯರ ಚೀಟಿಯ ನಕಲನ್ನು ಮುಖ್ಯೋಪಾಧ್ಯಾಯರಿಗೆ ಕೊಡಿ. ಆದರೆ ನಿಜವಾಗಿ ಮಾತಾಡಬೇಕಾದ್ದು ಅಡುಗೆಯವರ ಹತ್ತಿರ. ಒಂದು ಮಧ್ಯಾಹ್ನ ಹೋಗಿ, ಸಾರಿಗೆ ಯಾವ ಪುಡಿ, ಯಾವ ಇಂಗು, ಉಪ್ಪಿಟ್ಟು ಯಾವ ವಾರ ಎಂದು ಕೇಳಿಕೊಂಡು ಬನ್ನಿ. ‘ಅಕ್ಕಾ, ಅವಳಿಗೆ ಉಪ್ಪಿಟ್ಟಿನ ಸೌಟು ತಾಗಿಸಬೇಡಿ’ ಎಂದು ಒಂದು ಮಾತು ಹೇಳಿದರೆ ಆ ಹೆಂಗಸರು ತಮ್ಮ ಮಗಳಂತೆ ನೋಡಿಕೊಳ್ಳುತ್ತಾರೆ, ನಾನು ಕಂಡಿದ್ದೇನೆ. ರವೆಯ ದಿನ ಬುತ್ತಿ ಕಟ್ಟಿ.

ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸುತ್ತಾರೆ, ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದೇ. ಪ್ರಸಾದ ಬೇಡ ಎನ್ನಲು ಹಿರಿಯರಿಗೆ ಕಷ್ಟ. ಕಣ್ಣಿಗೊತ್ತಿಕೊಂಡು ತಮ್ಮನ ಕೈಗೆ ಕೊಟ್ಟು, ಅವಳು ಕೈ ತೊಳೆದು ಬಾಳೆಹಣ್ಣು ತಿನ್ನಲಿ. ಯುಗಾದಿಗೆ ಹೋಳಿಗೆ ಇಲ್ಲ ಎಂದು ಅವಳು ಅಳುವುದು ಬೇಡ. ಕಣಕದಲ್ಲಿ ಸುತ್ತುವ ಮೊದಲೇ ಹೂರಣ ಬೇರೆ ತೆಗೆದು, ಅಕ್ಕಿ ಉದ್ದು ರುಬ್ಬಿದ ಹಿಟ್ಟಿನಲ್ಲಿ ಅದ್ದಿ ಕರಿದರೆ ಸುಕ್ಕಿನುಂಡೆ. ಆ ದಿನ ಮನೆಯವರ ಕೈ ಹೋಳಿಗೆ ಬಿಟ್ಟು ಅದಕ್ಕೇ ಹೋಗುವುದನ್ನು ನೋಡುತ್ತೀರಿ. ಗೌರಿ ಗಣೇಶಕ್ಕೆ ಅಕ್ಕಿ ಹಿಟ್ಟಿನ ಕಾಯಿಕಡುಬು, ಪಂಚಮಿಗೆ ಶೇಂಗಾ ಉಂಡೆ, ಎಳ್ಳುಂಡೆ, ಸಂಕ್ರಾಂತಿಗೆ ಎಳ್ಳು ಬೆಲ್ಲ ಇದ್ದೇ ಇವೆ.

ನಿಮ್ಮ ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ, ಈಶಾನ್ಯ, ದಕ್ಷಿಣ ಭಾರತಗಳನ್ನು ಹೋಲಿಸಿತು. ಈ ಕಾಯಿಲೆಯ ಪ್ರತಿಕಾಯ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ ಕಂಡಿತು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಕಾಯಿಲೆಗೆ ಬೇಕಾದ ಜೀನ್ ಮಾತ್ರ ಎಲ್ಲ ಕಡೆಯೂ ಸುಮಾರು ಮೂವರಲ್ಲಿ ಒಬ್ಬರಿಗೆ ಇತ್ತು. ನಮ್ಮವರು ಗೋಧಿ ಉಣ್ಣುತ್ತಿದ್ದದ್ದೇ ಕಡಿಮೆ. ಅವರ ಕಾಲದಲ್ಲಿ ಗೋಧಿ ಹಬ್ಬದ ಅಡುಗೆ, ಈಗ ಬೆಳಗಿನ ಬಿಸ್ಕತ್ತಿನಿಂದ ರಾತ್ರಿಯ ಚಪಾತಿಯವರೆಗೆ. ಇನ್ನರ್ಧ, ಆಗಲೂ ಇಂಥ ಮಕ್ಕಳಿದ್ದವು, ‘ಬಾಲಗ್ರಹ’ ಎಂದೋ ‘ಮೈ ಹತ್ತಲ್ಲ’ ಎಂದೋ ಬಿಟ್ಟುಬಿಡುತ್ತಿದ್ದರು. ಗೋಧಿಯೇ ಕಾರಣ ಎಂದು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅನುಮಾನ ಅವರಿಗೆ ಮೊದಲಿನಿಂದ ಇತ್ತು. ಯುದ್ಧದ ಕೊನೆಯ ಚಳಿಗಾಲ, 1944–45ರಲ್ಲಿ ಅಲ್ಲಿ ಬ್ರೆಡ್ ಸಿಗದೆ ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದ ಬರಗಾಲದಲ್ಲಿ ಅದು ಗಟ್ಟಿಯಾಯಿತು. ಊರೆಲ್ಲ ಹಸಿದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದ್ದವು, ಬ್ರೆಡ್ ಬಂದಾಗ ಮತ್ತೆ ಮಲಗಿದವು ಎಂದು ಹೇಳುತ್ತಾರೆ. 1950ರಲ್ಲಿ ಅವರ ಪ್ರಬಂಧ ಬಂತು. ಅತ್ತೆಗೆ ಇದನ್ನು ಓದಿ ಹೇಳಿ. ರೊಟ್ಟಿ ಬಡಿಯುವ, ಕಾಳು ಕೇರುವ ಕೈ ಅವರದು, ಮೊಮ್ಮಗಳ ಔಷಧಿ ಅವರ ಮೊರದಲ್ಲೇ ಇದೆ ಎಂದು ಗೊತ್ತಾದರೆ ಅರ್ಧ ಕೆಲಸ ಅವರೇ ವಹಿಸಿಕೊಳ್ಳುತ್ತಾರೆ.

ಕೊನೆಯದಾಗಿ, ನೀವು ಕೇಳದೇ ಇದ್ದದ್ದು. ಒಂದು ಮಗುವಿಗೆ ಸೀಲಿಯಾಕ್ ಇದ್ದರೆ ಒಡಹುಟ್ಟಿದವರಿಗೂ ಇರುವ ಸಾಧ್ಯತೆ ಸುಮಾರು ಹತ್ತಕ್ಕೆ ಒಂದು, ಅಪ್ಪ ಅಮ್ಮನಿಗೆ ಅದಕ್ಕಿಂತ ಕಡಿಮೆಯಾದರೂ ಇದ್ದೇ ಇದೆ. ಮಗನಿಗೂ ನಿಮ್ಮಿಬ್ಬರಿಗೂ ಟಿಟಿಜಿ ರಕ್ತ ಪರೀಕ್ಷೆ ಮಾಡಿಸಿ. ಈಗ ನೆಗೆಟಿವ್ ಬಂದರೂ ಎರಡು ಮೂರು ವರ್ಷ ಬಿಟ್ಟು ಮಗನಿಗೆ ಮತ್ತೊಮ್ಮೆ ಮಾಡಿಸಬೇಕಾದೀತು. ಅಕ್ಕನ ಸಲುವಾಗಿ ಮನೆಯಲ್ಲಿ ಗೋಧಿಯನ್ನೇ ನಿಲ್ಲಿಸೋಣ ಎಂದು ನೀವು ಯೋಚಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಪ್ರತಿಕಾಯ ಇಳಿದು, ಕಾಯಿಲೆ ಇದ್ದರೂ ಇಲ್ಲ ಎಂದು ತೋರಿಸುತ್ತದೆ. ಅವನ ರಕ್ತ ಕೊಟ್ಟು, ವರದಿ ಕೈಗೆ ಬಂದು, ವೈದ್ಯರು ನೋಡುವ ತನಕ ಅವನ ತಟ್ಟೆಯಲ್ಲಿ ಚಪಾತಿ ಇರಲಿ.